ಆಕ್ಯುಪಂಕ್ಚರ್‌ನಲ್ಲಿ ಕಾಲದ ಕಲ್ಪನೆ

ಮೈಮೇಲಿನ ಗೊತ್ತಾದ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚಿ ಗುಣಪಡಿಸುವ ಚೀನಾದ ವೈದ್ಯಪದ್ಧತಿ ಆಕ್ಯುಪಂಕ್ಚರ್. ಎಲ್ಲಿ ಚುಚ್ಚಬೇಕು ಎಂಬಷ್ಟೇ ಯಾವಾಗ ಚುಚ್ಚಬೇಕು ಎಂಬುದೂ ಅದರ ಹಳೆಯ ಗ್ರಂಥಗಳಿಗೆ ಮುಖ್ಯ. ಸುಮಾರು ಕ್ರಿ.ಪೂ. 2-1ನೆಯ ಶತಮಾನಗಳಲ್ಲಿ ರೂಪುಗೊಂಡ ‘ಹುವಾಂಗ್‌ದಿ ನೈಜಿಂಗ್’ ಪ್ರಕಾರ ಚಂದ್ರ ಬೆಳೆಯುವಾಗ ರೋಗಿಯ ‘ಚೀ’ (ಪ್ರಾಣಶಕ್ತಿ) ಇಳಿಸಬಾರದು, ಹುಣ್ಣಿಮೆಯಲ್ಲಿ ಏರಿಸಬಾರದು, ಅಮಾವಾಸ್ಯೆಯಲ್ಲಿ ಚಿಕಿತ್ಸೆಯೇ ಕೂಡದು. ವಸಂತದಲ್ಲಿ ತಡವಾಗಿ ಮಲಗಿ, ಬೇಗ ಎದ್ದು, ಕೂದಲು ಬಿಚ್ಚಿಕೊಂಡು ಅಂಗಳದಲ್ಲಿ ಅಡ್ಡಾಡಬೇಕು ಎಂಬ ಸೂಚನೆಯೂ ಅಲ್ಲಿದೆ. ಇದನ್ನೆಲ್ಲ ತಾವೋ ಪಂಥದ ನಿಸರ್ಗಸಾಮರಸ್ಯ ಎಂದು ಹೇಳಿ ಮುಗಿಸುವುದು ವಾಡಿಕೆ. ಹತ್ತಿರದಿಂದ ನೋಡಿದರೆ ಈ ಸಾಮರಸ್ಯದ ಬಹುಪಾಲು ಪಂಚಾಂಗದ ಲೆಕ್ಕವೇ.

ಕ್ರಿ.ಪೂ. 168ರಲ್ಲಿ ಮುಚ್ಚಿ, 1973ರಲ್ಲಿ ಅಗೆದು ತೆಗೆದ ಮವಾಂಗ್‌ದುಯಿ ಸಮಾಧಿಯ ರೇಷ್ಮೆ ಹಸ್ತಪ್ರತಿಗಳು ದೇಹದಲ್ಲಿ ‘ಚೀ’ ಹರಿಯುವ 11 ನಾಳಗಳನ್ನಷ್ಟೇ ಹೇಳುತ್ತವೆ. ಅಲ್ಲಿನ ನಾಳಗಳಿಗೆ ಚಿಕಿತ್ಸೆ ಸೂಜಿಯದಲ್ಲ, ಮೂಲಿಕೆ ಉರಿಸಿ ಕಾವು ಕೊಡುವುದು. ನೈಜಿಂಗ್‌ನಲ್ಲಿ ನಾಳಗಳು 12 ಆಗಿವೆ, ವರ್ಷದ ತಿಂಗಳುಗಳಿಗೆ ಸರಿಯಾಗಿ. ಬಿಂದುಗಳು ದಿನಕ್ಕೊಂದರಂತೆ 365 ಎನ್ನುತ್ತದೆ ಅದೇ ಗ್ರಂಥ, ಆದರೆ ಹೆಸರಿಸುವುದು ಸುಮಾರು 160ನ್ನು ಮಾತ್ರ. 3ನೆಯ ಶತಮಾನದ ಹುವಾಂಗ್‌ಫು ಮಿ 349ಕ್ಕೆ ತಂದ. 11ನೆಯ ಶತಮಾನದಲ್ಲಿ ವಾಂಗ್ ವೆಯಿಯಿ ಎರಕ ಹೊಯ್ಯಿಸಿದ ಕಂಚಿನ ಪುರುಷನ ಮೇಲೆ 354. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈಗ 361. ಅಂಕಿ ಮೊದಲು ಬಂತು, ಮೈಯಲ್ಲಿ ಜಾಗ ಹುಡುಕುವ ಕೆಲಸ ಆಮೇಲೆ ನಡೆಯಿತು. ಇನ್ನೂ ನಾಲ್ಕು ಬಾಕಿ! 12ನೆಯ ಶತಮಾನದಿಂದ ಬೆಳೆದ ‘ಜಿವು ಲಿಯುಜು’ ಪದ್ಧತಿ ಈ ಲೆಕ್ಕವನ್ನು ಗಂಟೆಗೂ ಇಳಿಸಿತು. ಬೆಳಗಿನ ಜಾವ 3ರಿಂದ 5 ಶ್ವಾಸಕೋಶದ ನಾಳದ್ದು, 7ರಿಂದ 9 ಜಠರದ್ದು, ನಡುಮಧ್ಯಾಹ್ನ ಹೃದಯದ್ದು.

ಹಾಗಾದರೆ ತಾವೋ ಪಂಥದ ಪಾಲೇನು ಎಂದು ಕೇಳಬಹುದು. ಯಿನ್-ಯಾಂಗ್, ಪಂಚತತ್ತ್ವಗಳು ಹಾನ್ ರಾಜವಂಶದ ಕಾಲದ ಎಲ್ಲರ ಸೊತ್ತು. ಕನ್‌ಫ್ಯೂಷಿಯಸ್ ಪಂಥದ ದೋಂಗ್ ಜೋಂಗ್‌ಶು ಅವುಗಳಿಂದಲೇ ರಾಜನೀತಿ ಕಟ್ಟಿದ. ಆದರೂ 762ರಲ್ಲಿ ನೈಜಿಂಗ್‌ನ ‘ಸುವೆನ್’ ಭಾಗವನ್ನು ಪರಿಷ್ಕರಿಸಿ ಋತುಮಾನಗಳ ಆವರ್ತನದ ಅಧ್ಯಾಯಗಳನ್ನು ಸೇರಿಸಿದ ವಾಂಗ್ ಬಿಂಗ್‌ಗೆ ತಾವೋ ಒಲವಿತ್ತು. ಬಲವಂತ ಮಾಡದೆ, ಹರಿವು ಬಂದಾಗ ಅದಕ್ಕೆ ಕೈಜೋಡಿಸುವ ಧೋರಣೆ ಆ ಪಂಥದ್ದು ಎನ್ನಲು ಅಡ್ಡಿಯಿಲ್ಲ. ಆದರೆ ತಿಂಗಳು, ದಿನ, ಗಂಟೆಗಳ ಕೋಷ್ಟಕಗಳನ್ನು ಅದರ ಲೆಕ್ಕಕ್ಕೆ ಹಾಕಲಾಗದು.

ದೇಹದ ಒಳಗಡಿಯಾರದ ಸಂಶೋಧನೆಗೆ 2017ರಲ್ಲಿ ನೊಬೆಲ್ ಬಂದಾಗ ಹಳೆಯ ಗಂಟೆಪಟ್ಟಿಯೇ ನಿಜವಾಯಿತೆಂದು ಕೆಲವರು ಹಿಗ್ಗಿದರು. ಜೀವಕೋಶಗಳಿಗೆ ದಿನಚರಿ ಇದೆ ಎಂಬುದು ಆ ಸಂಶೋಧನೆಯ ಮಾತು. 9ಕ್ಕೆ ಜಠರದ ಸರದಿ ಮುಗಿಯುತ್ತದೆ ಎಂದು ಅದು ಹೇಳುವುದಿಲ್ಲ. ಬೆನ್ನುನೋವಿನ 1,100ಕ್ಕೂ ಹೆಚ್ಚು ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ಬಳಿಕ ಶಾಸ್ತ್ರೋಕ್ತ ಸೂಜಿಯಿಂದ 47.6%, ಬಿಂದುವಲ್ಲದ ಕಡೆ ಚರ್ಮದ ಮೇಲ್ಮೇಲೆ ಚುಚ್ಚಿದ ಸೂಜಿಯಿಂದ 44.2%, ರೂಢಿಯ ಚಿಕಿತ್ಸೆಯಿಂದ 27.4% ಜನರಿಗೆ ಆರಾಮವಾಯಿತು. ಗಳಿಗೆಯನ್ನು ಆ ಪ್ರಯೋಗ ಪರೀಕ್ಷಿಸಲಿಲ್ಲ, ನಿಜ. ಆದರೆ ಬಿಂದು ತಪ್ಪಿದರೂ ಹೆಚ್ಚುಕಡಿಮೆ ಅಷ್ಟೇ ಗುಣ ಸಿಗುವಾಗ, ಆ ಬಿಂದು ಯಾವ ಗಳಿಗೆಯಲ್ಲಿ ತೆರೆಯುತ್ತದೆ ಎಂಬ ಲೆಕ್ಕವನ್ನು ಸಾಧಿಸಿ ತೋರಿಸುವ ಹೊಣೆ ಅದನ್ನು ನಂಬಿದವರ ಮೇಲೆಯೇ ಇದೆ.