ಸರಸ್ವತಿ ಭಂಡಾರಿಗರ ಸೀಮೆಯಲ್ಲಿ ಪ್ರಕಾಶನ

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ 1058ರ ಒಂದು ಶಾಸನ ಸಿಕ್ಕಿದೆ. ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ ಆ ಶಾಸನ ಅಲ್ಲಿನ ಘಟಿಕಾಸ್ಥಾನದ ಲೆಕ್ಕವನ್ನು ಮನೆಯ ಖರ್ಚು ಬರೆದಷ್ಟು ಸ್ಪಷ್ಟವಾಗಿ ಕೊಡುತ್ತದೆ. ವೇದ ಓದುವ ವಿದ್ಯಾರ್ಥಿಗಳು 200, ಶಾಸ್ತ್ರ ಓದುವವರು 52. ವೇದಕ್ಕೆ ಮೂವರು ಉಪಾಧ್ಯಾಯರು, ಶಾಸ್ತ್ರಕ್ಕೆ ಮೂವರು. ಇವರಲ್ಲದೆ ಆರು ಮಂದಿ ಸರಸ್ವತಿ ಭಂಡಾರಿಗರು, ಅಂದರೆ ಗ್ರಂಥಗಳನ್ನು ಕಾಯುವವರು. ಪಾಠ ಹೇಳುವವರು ಎಷ್ಟು ಮಂದಿಯೋ ಪುಸ್ತಕ ನೋಡಿಕೊಳ್ಳುವವರೂ ಅಷ್ಟೇ ಮಂದಿ! ಇಲ್ಲಿಂದ ಸೇಡಂ ಕಡೆಗೆ ಹೋಗುವಾಗ ಕಾಗಿಣಾ ದಂಡೆಯಲ್ಲಿ ಸಿಗುವ ಮಳಖೇಡ ರಾಷ್ಟ್ರಕೂಟರ ಮಾನ್ಯಖೇಟ. ಕನ್ನಡದ ಮೊದಲ ಉಪಲಬ್ಧ ಗ್ರಂಥ ‘ಕವಿರಾಜಮಾರ್ಗ’, ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ ಎರಡೂ ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷನ ಆಶ್ರಯದಲ್ಲಿ ಹುಟ್ಟಿದವು. ಮರುಶತಮಾನದಲ್ಲಿ ಪುಷ್ಪದಂತ ಅಪಭ್ರಂಶದಲ್ಲಿ ಮಹಾಪುರಾಣ ಬರೆದದ್ದೂ ಇದೇ ಊರಿನಲ್ಲಿ. ಪುಸ್ತಕದ ವಿಷಯದಲ್ಲಿ ಇಷ್ಟು ಹಳೆಯ ಹಕ್ಕು ಸಾಧಿಸಬಲ್ಲ ಸೀಮೆ ಕನ್ನಡನಾಡಿನಲ್ಲಿ ಹೆಚ್ಚಿಲ್ಲ. ಆದರೂ ಅಚ್ಚಿನ ಯುಗ ಬಂದಾಗ ಕನ್ನಡದ ದೊಡ್ಡ ಪ್ರಕಾಶನ ಸಂಸ್ಥೆಗಳು ಮಂಗಳೂರು, ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ಬೆಳೆದವು. ಸೇಡಂ, ಚಿತ್ತಾಪುರ, ಚಿಂಚೋಳಿಯ ಓದುಗನಿಗೆ ಹತ್ತಿರದ ಕಲಬುರಗಿಯಲ್ಲಿ ಹೇಳಿಕೊಳ್ಳುವಂಥ ಕನ್ನಡ ಪ್ರಕಾಶನ ಕಾಣಲು ಇಪ್ಪತ್ತನೆಯ ಶತಮಾನದ ಕೊನೆಯ ಭಾಗ ಬರಬೇಕಾಯಿತು.

ಇದಕ್ಕೆ ನಾವು ರೂಢಿಯಿಂದ ಕೊಡುವ ಕಾರಣ ಒಂದೇ: ಹಿಂದುಳಿದ ಪ್ರದೇಶ. ಈ ಮಾತು ಕಾರಣವನ್ನು ಹೇಳುವುದಿಲ್ಲ, ಪರಿಣಾಮಕ್ಕೇ ಇನ್ನೊಂದು ಹೆಸರಿಡುತ್ತದೆ. ಪ್ರಕಾಶನ ಸಂಸ್ಥೆ ಬೆಳೆಯಲು ಬರೆಯುವವರಾಗಲಿ, ಬಂಡವಾಳವಾಗಲಿ, ರಸ್ತೆ ರೈಲಾಗಲಿ ಸಾಲದು ಎಂಬುದು ನನ್ನ ವಾದ. ಈ ವರ್ಷ ಪುಸ್ತಕ ಕೊಂಡವರು ಮುಂದಿನ ವರ್ಷವೂ ಕೊಳ್ಳುತ್ತಾರೆ ಎಂಬ ಭರವಸೆ ಅದಕ್ಕೆ ಬೇಕು. ಆ ಭರವಸೆ ಶಾಲೆಯಿಂದ ಬರಬಹುದು, ಚಂದಾದಾರರಿಂದ ಬರಬಹುದು, ಗ್ರಂಥಾಲಯದಿಂದ ಬರಬಹುದು. ನಾಗಾವಿಯ ಶಾಸನ ದೊಡ್ಡದಾಗುವುದು ಈ ಕಾರಣಕ್ಕೆ. ಅಲ್ಲಿ ಗ್ರಂಥವನ್ನು ಕಾಯುವ ಕೆಲಸ ಯಾರದೋ ಪುಣ್ಯದ ಪಾಲಿಗೆ ಬಿಟ್ಟದ್ದಾಗಿರಲಿಲ್ಲ, ಉಂಬಳಿ ನಿಗದಿಯಾದ ಉದ್ಯೋಗವಾಗಿತ್ತು. ಮಾನ್ಯಖೇಟದಲ್ಲಿ ಅರಮನೆಯ ಆಸರೆ ಇತ್ತು. ಆದರೆ 972ರಲ್ಲಿ ಪರಮಾರ ಸೀಯಕ ಆ ಪಟ್ಟಣವನ್ನು ಸೂರೆ ಮಾಡಿದ ಮೇಲೆ ಆಸರೆಯೂ ಹೋಯಿತು. ಅದೇ ಆಸ್ಥಾನದ ಕವಿ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮುಂದೆ ಬರೆಯಿಸಿ ಹಂಚಿದವಳು ಅತ್ತಿಮಬ್ಬೆ. ಆಸ್ಥಾನಕವಿಯ ಕಾವ್ಯಕ್ಕೆ ಓದುಗರನ್ನು ಒದಗಿಸಿದವಳು ಆ ಅರಮನೆಯ ಆಚೆಗಿನ ಹೆಂಗಸು. ಬರೆಯಿಸುವುದು ಒಂದು ಕೆಲಸ, ಓದುಗರ ಕೈಗೆ ಮುಟ್ಟಿಸುವುದು ಬೇರೆಯೇ ಕೆಲಸ. ಪ್ರಕಾಶಕನದು ಎರಡನೆಯದು.

ಈಗ ಬಂಡವಾಳ ಮತ್ತು ಸಂಪರ್ಕದ ಮಾತು. ಈ ಸೀಮೆ ಮೂಲೆಯಲ್ಲಿತ್ತು, ಕಾಗದವಾಗಲಿ ಯಂತ್ರವಾಗಲಿ ಬರುವ ದಾರಿ ಇರಲಿಲ್ಲ ಎನ್ನುವವರಿದ್ದಾರೆ. ನಕ್ಷೆ ಅದನ್ನು ಒಪ್ಪುವುದಿಲ್ಲ. ಮುಂಬೈಯಿಂದ ಬಂದ ಜಿಐಪಿ ರೈಲುಮಾರ್ಗ 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು, ಚಿತ್ತಾಪುರ, ಮಳಖೇಡ ರೋಡ್, ಸೇಡಂ ಎಲ್ಲವೂ ಆ ದಾರಿಯ ಮೇಲೇ ಇವೆ. ಧಾರವಾಡ ರೈಲಿನ ಮುಖ ಕಂಡದ್ದು 1880ರ ದಶಕದಲ್ಲಿ. ಬಂಡವಾಳಕ್ಕೂ ಬರವಿರಲಿಲ್ಲ. ಶಹಾಬಾದಿನ ಹಾಸುಗಲ್ಲು ದೂರದ ಊರುಗಳ ಮನೆ ಸೇರಿತು. ಅಲ್ಲಿನ ಸಿಮೆಂಟ್ ಕಂಪನಿ 1936ರಲ್ಲಿ ಎಸಿಸಿ ಹುಟ್ಟಿದಾಗ ಅದರಲ್ಲಿ ಸೇರಿಹೋದ ಕಂಪನಿಗಳಲ್ಲಿ ಒಂದು. ಮುಂಬೈ ಮತ್ತು ಹೈದರಾಬಾದ್ ಎರಡಕ್ಕೂ ನೇರ ರೈಲಿದ್ದ, ಕಾರ್ಖಾನೆಯ ಚಿಮಣಿ ಎದ್ದಿದ್ದ ಸೀಮೆಯಲ್ಲಿ ಕನ್ನಡ ಪುಸ್ತಕದ ವ್ಯಾಪಾರ ಮಾತ್ರ ಹುಟ್ಟಲಿಲ್ಲವೆಂದರೆ ಕಾರಣವನ್ನು ಹಳಿಯ ಮೇಲೆ ಹುಡುಕಿ ಫಲವಿಲ್ಲ.

ಕಾರಣ ಸಿಗುವುದು ಶಾಲೆಯ ಕೋಣೆಯಲ್ಲಿ. ಈ ಸೀಮೆ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ 1880ರ ದಶಕದಲ್ಲಿ ಪರ್ಷಿಯನ್ನಿನ ಜಾಗಕ್ಕೆ ಉರ್ದು ಆಡಳಿತ ಭಾಷೆಯಾಗಿ ಬಂತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಉರ್ದು. ಸಂಸ್ಥಾನದಲ್ಲಿ ಕನ್ನಡಿಗರು ಸುಮಾರು ಹತ್ತರಲ್ಲಿ ಒಬ್ಬರು. ಸೇಡಂ, ಚಿಂಚೋಳಿಯ ಹುಡುಗ ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, ಮೇಲಿನ ತರಗತಿಗಳನ್ನು ಉರ್ದುವಿನಲ್ಲಿ ಓದಿ, ಕಚೇರಿಯ ಕಾಗದವನ್ನೂ ಉರ್ದುವಿನಲ್ಲೇ ಬರೆಯಬೇಕಿತ್ತು. ಕನ್ನಡ ಪುಸ್ತಕ ಅವನಿಗೆ ಪ್ರೀತಿಯ ವಸ್ತುವಾಗಿರಬಹುದು, ಆದರೆ ಅವನ ಬದುಕಿನ ಯಾವ ಮೆಟ್ಟಿಲಿಗೂ ಅದು ಬೇಕಾಗುತ್ತಿರಲಿಲ್ಲ. ಸ್ವಂತವಾಗಿ ಶಾಲೆ ತೆರೆಯೋಣವೆಂದರೆ 1920ರ ದಶಕದಲ್ಲಿ ಖಾನಗಿ ಶಾಲೆಗಳಿಗೆ ಸರ್ಕಾರದ ಅಪ್ಪಣೆ ಬೇಕೆಂಬ ನಿಯಮ ಬಂತು. ಸಭೆ ಸೇರೋಣವೆಂದರೆ ಗಸ್ತಿ ನಿಶಾನ್ 53 ಎಂಬ ಸರ್ಕಾರಿ ಸುತ್ತೋಲೆ ಅಡ್ಡ ಬಂತು. ಕಲಬುರಗಿಯ ನೂತನ ವಿದ್ಯಾಲಯದಂಥ ಸಂಸ್ಥೆಗಳು ಇವುಗಳ ನಡುವೆಯೇ 1907ರಿಂದ ದೀಪ ಹಿಡಿದು ನಿಂತದ್ದು ದೊಡ್ಡ ಮಾತು. ಆದರೆ ಒಂದೆರಡು ಶಾಲೆಗಳ ಬಲದ ಮೇಲೆ ಪ್ರಕಾಶನ ಸಂಸ್ಥೆ ನಿಲ್ಲುವುದಿಲ್ಲ.

ಇಲ್ಲಿ ನಿಜಾಮರ ಆಡಳಿತವನ್ನು ಬೈದು ಮುಗಿಸುವುದು ಸುಲಭ, ಆದರೆ ಹಾಗೆ ಮಾಡಿದರೆ ಆ ಆಡಳಿತ ಕಲಿಸುವ ಪಾಠ ತಪ್ಪಿಹೋಗುತ್ತದೆ. ಅದೇ ಸರ್ಕಾರ 1917ರಲ್ಲಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯನ್ನು ಹುಟ್ಟುಹಾಕಿತು. ಇತಿಹಾಸ, ಗಣಿತ, ವಿಜ್ಞಾನ, ವೈದ್ಯ, ಕಾನೂನುಗಳ ನೂರಾರು ಗ್ರಂಥಗಳು ಅಲ್ಲಿಂದ ಉರ್ದುವಿಗೆ ಬಂದವು. ಭಾರತದ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣದ ಇಡೀ ಪುಸ್ತಕ ಭಂಡಾರವನ್ನು ಯೋಜನೆ ಹಾಕಿ ಕಟ್ಟಿದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಅದೂ ಒಂದು. ಅದು ಸಾಧ್ಯವಾದದ್ದು ಪುಸ್ತಕ ಮುಗಿಯುವ ಹೊತ್ತಿಗೆ ಅದನ್ನು ಓದುವ ತರಗತಿ ಕಾದು ಕೂತಿರುತ್ತಿದ್ದುದರಿಂದ. ಕನ್ನಡಕ್ಕೆ ಆ ಸಂಸ್ಥಾನದಲ್ಲಿ ಕವಿಗಳ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಅಂಥ ತರಗತಿಗಳದು.

ಧಾರವಾಡದ ಕಡೆ ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಮುಂಬೈ ಪ್ರಾಂತದಲ್ಲಿ ಮರಾಠಿಯ ಒತ್ತಡ ಕಡಿಮೆಯೇನೂ ಇರಲಿಲ್ಲ. ಆದರೆ ಡೆಪ್ಯುಟಿ ಚನ್ನಬಸಪ್ಪನವರಂಥವರು ಶಿಕ್ಷಣ ಇಲಾಖೆಯ ಒಳಗಿದ್ದೇ ಕನ್ನಡ ಶಾಲೆ, ಕನ್ನಡ ಪಠ್ಯಗಳನ್ನು ಬೆಳೆಸಿದರು. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಕನ್ನಡ ಗ್ರಂಥಕರ್ತರ ಬೆನ್ನಿಗೆ ನಿಂತಿತು. ಆ ಶಾಲೆಗಳಲ್ಲಿ ಓದಿದ ಎರಡು ತಲೆಮಾರು ಬೆಳೆದ ಮೇಲೆ, 1933ರಲ್ಲಿ, ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆ ಆರಂಭಿಸಿದರು. ಕೈಯಲ್ಲಿ ಹಣವಿಲ್ಲದ ಜೋಶಿ ಊರೂರು ತಿರುಗಿ ಚಂದಾದಾರರನ್ನು ಮಾಡಿದರು. ಯಾವ ಪುಸ್ತಕ ಬರುತ್ತದೆಂದು ಗೊತ್ತಿಲ್ಲದೆಯೇ ಶಾಲಾ ಮಾಸ್ತರರು, ವಕೀಲರು, ಗುಮಾಸ್ತರು ಮುಂಗಡವಾಗಿ ಹಣ ಕೊಟ್ಟರು. ಆ ಹಣಕ್ಕಿಂತ ಆ ನಂಬಿಕೆ ದೊಡ್ಡದು. ಓದುಗರು ಮೊದಲೇ ಇದ್ದುದರಿಂದ ಹೆಸರಿಲ್ಲದ ಹೊಸಬರನ್ನು ಅಚ್ಚು ಮಾಡುವ ಧೈರ್ಯ ಸಂಸ್ಥೆಗೆ ಬಂತು. ಕೀರ್ತಿನಾಥ ಕುರ್ತಕೋಟಿಯವರು ಸಲಹೆಗಾರರಾಗಿದ್ದ ಕಾಲದಲ್ಲಿ ಕಾರ್ನಾಡರ ‘ಯಯಾತಿ’, ‘ತುಘಲಕ್’, ಅನಂತಮೂರ್ತಿಯವರ ‘ಸಂಸ್ಕಾರ’ ಹೊರಬಂದದ್ದು ಇಲ್ಲಿಂದ. ಅಂದಿನ ಕಾರ್ನಾಡರು ಇಪ್ಪತ್ತರ ಹರೆಯದ ಹುಡುಗ! ಕನ್ನಡ ನವ್ಯ ಸಾಹಿತ್ಯದ ಒಂದು ದೊಡ್ಡ ಪಾಲಿಗೆ ನೆಲೆ ಕೊಟ್ಟವರಲ್ಲಿ ಆ ಹೆಸರಿಲ್ಲದ ಚಂದಾದಾರರನ್ನೂ ಎಣಿಸಬೇಕು.

ನನ್ನ ವಾದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಮೊದಲನೆಯದು ತೆಲುಗಿನದು. ನಿಜಾಮರ ಆಡಳಿತದಲ್ಲಿ ತೆಲುಗಿಗೂ ಇದೇ ಕಷ್ಟವಿತ್ತು, ಆದರೂ ಕೊಮರ್ರಾಜು ಲಕ್ಷ್ಮಣರಾವ್ ಮತ್ತು ಗೆಳೆಯರು 1906ರಲ್ಲಿ ಹೈದರಾಬಾದಿನಲ್ಲೇ ವಿಜ್ಞಾನ ಚಂದ್ರಿಕಾ ಗ್ರಂಥಮಂಡಳಿ ಕಟ್ಟಿದರಲ್ಲ? ಕಟ್ಟಿದರು. ಆದರೆ ಎರಡೇ ವರ್ಷದಲ್ಲಿ ಮಂಡಳಿ ಮದ್ರಾಸಿಗೆ ಹೋಯಿತು, ಬೆಳೆದದ್ದೂ ಅಲ್ಲಿಯೇ. ಶಾಲೆ ಕಲಿತ ತೆಲುಗು ಓದುಗರು ಹೆಚ್ಚಿದ್ದ ಕಡೆ ಪುಸ್ತಕ ತಾನೇ ನಡೆದುಹೋಯಿತು. ಎರಡನೆಯ ಆಕ್ಷೇಪ ಇದಕ್ಕಿಂತ ಆಳವಾದದ್ದು: ಕಡಕೋಳ ಮಡಿವಾಳಪ್ಪನವರ ಈ ಸೀಮೆಯಲ್ಲಿ ಸಾಹಿತ್ಯ ಬದುಕಿದ್ದು ಭಜನೆಯ ಬಾಯಲ್ಲಿ, ಏಕತಾರಿಯ ಮೇಲೆ, ಅದಕ್ಕೆ ಅಚ್ಚಿನ ಹಂಗೇ ಇರಲಿಲ್ಲ ಎಂಬುದು. ತತ್ವಪದಗಳ ಬಲವನ್ನು ನಾನು ಕಡಿಮೆ ಮಾಡಲಾರೆ. ಅಕ್ಷರ ಬಾರದವನಿಗೂ ಅದ್ವೈತದ ಸೂಕ್ಷ್ಮವನ್ನು ಮುಟ್ಟಿಸಿದ ಪರಂಪರೆ ಅದು. ಆದರೆ ಆ ಪದಗಳು ಉಳಿದದ್ದು ಕಂಠದಲ್ಲಿ ಮಾತ್ರವಲ್ಲ, ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಕೈಬರಹದ ವಹಿಗಳಲ್ಲೂ. ಹಾಡುವವರಿಗೆ ಬರೆದಿಡಬೇಕೆಂಬ ಆಸೆ ಇತ್ತು, ಬರೆದದ್ದನ್ನು ಅಚ್ಚಿಗೆ ಒಯ್ಯುವವರು ಸಿಗಲಿಲ್ಲ. ಕೊನೆಗೆ ತತ್ವಪದಗಳನ್ನು ಒಟ್ಟುಗೂಡಿಸಿ ಸಂಪುಟಗಳಾಗಿ ತರುವ ದೊಡ್ಡ ಯೋಜನೆ ಬೆಂಗಳೂರಿನಿಂದ ನಡೆಯಬೇಕಾಯಿತು.

1948ರ ಸೆಪ್ಟೆಂಬರ್ 17, ಆಮೇಲೆ 1956ರ ನವೆಂಬರ್ 1. ಸಂಸ್ಥಾನ ಹೋಗಿ ಏಕೀಕೃತ ರಾಜ್ಯ ಬಂದರೂ ಪ್ರಕಾಶನ ಮರುದಿನವೇ ಹುಟ್ಟಲಿಲ್ಲ, ಹುಟ್ಟುವಂತೆಯೂ ಇರಲಿಲ್ಲ. ಕನ್ನಡ ಶಾಲೆಯಿಂದ ಕಾಲೇಜಿನವರೆಗೆ ಒಂದು ತಲೆಮಾರು ಹಾದುಬರಬೇಕಿತ್ತು. 1965ರ ಗ್ರಂಥಾಲಯ ಕಾಯ್ದೆ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, ಅದರ ಪ್ರಸಾರಾಂಗ ಎಲ್ಲ ಸೇರಿ ನಾನು ಹೇಳುವ ಭರವಸೆಯನ್ನು ಈ ಭಾಗಕ್ಕೆ ಮೊದಲ ಸಲ ತಂದವು. ಬಸವರಾಜ ಕೊನೇಕರ ಶ್ರೀ ಸಿದ್ಧಲಿಂಗೇಶ್ವರ ಪ್ರಕಾಶನ ಕಲಬುರಗಿಯಲ್ಲಿ ಬೆಳೆದು ನಿಂತದ್ದು ಈ ನೆಲದ ಮೇಲೆ. ಪುಸ್ತಕದಂಗಡಿಯೂ ಪ್ರಕಾಶನವೂ ಒಂದೇ ಸೂರಿನಡಿ ಇದ್ದುದು ಅದರ ಗುಟ್ಟು. ಗಲ್ಲೆಯ ಮುಂದೆ ನಿಂತು ಪುಸ್ತಕ ಕೇಳುವ ಮಾಸ್ತರ, ವಿದ್ಯಾರ್ಥಿ ಯಾರೆಂಬುದು ಅಂಗಡಿಕಾರನಿಗೆ ಗೊತ್ತಿರುತ್ತದೆ. ಒಂದೇ ವೇದಿಕೆಯಲ್ಲಿ ಹತ್ತಾರು ಪುಸ್ತಕಗಳ ಬಿಡುಗಡೆ ನಡೆದಾಗ ಕೆಲವರು ಹುಬ್ಬೇರಿಸಿದ್ದುಂಟು, ಅಷ್ಟೊಂದು ಪುಸ್ತಕಗಳಲ್ಲಿ ಗಟ್ಟಿಯವು ಎಷ್ಟು ಎಂದು ಕೇಳಿದ್ದುಂಟು. ಪ್ರಶ್ನೆ ಸರಿಯೇ. ಆದರೆ ತಲೆಮಾರುಗಳ ಕಾಲ ಹಸ್ತಪ್ರತಿ ಹಿಡಿದು ಧಾರವಾಡ, ಬೆಂಗಳೂರಿಗೆ ಅಲೆದ ಸೀಮೆಯ ಬರಹಗಾರರು ತಮ್ಮೂರ ಹೆಸರಿನಡಿ ಅಚ್ಚಾಗುವುದೇ ಮೊದಲ ಹೆಜ್ಜೆ. ಆಯ್ಕೆಯ ಕಟ್ಟುನಿಟ್ಟು ಎರಡನೆಯದು, ಮೊದಲ ಹೆಜ್ಜೆ ಇಡದೆ ಅದು ಬರದು. ಸೇಡಂನಲ್ಲಿ ವರ್ಷವರ್ಷ ಕೊಡುವ ಅಮ್ಮ ಪ್ರಶಸ್ತಿ ಈ ಎರಡನೆಯ ಹೆಜ್ಜೆಗೆ ಬೇಕಾದ ವಿಮರ್ಶೆಯ ವಾತಾವರಣವನ್ನು ತಾಲ್ಲೂಕು ಊರಿನಲ್ಲೇ ಬೆಳೆಸುತ್ತಿದೆ.

ಆತಂಕ ಇರುವುದು ಬೇರೆ ಕಡೆ. ಇಂದಿನ ಕನ್ನಡ ಪುಸ್ತಕದ ಲೆಕ್ಕ ಹೀಗೆ: ಸಾಮಾನ್ಯವಾಗಿ ಸಾವಿರ ಪ್ರತಿ ಅಚ್ಚಾಗುತ್ತದೆ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಲ್ಲಿ ಆಯ್ಕೆಯಾದರೆ 300 ಪ್ರತಿ ಹೋಗುತ್ತದೆ. ಅಚ್ಚಿನ ಖರ್ಚು ಮರಳುವುದೇ ಆ 300ರಿಂದ. ಖರೀದಿ ತಡವಾದ ವರ್ಷ ಪ್ರಕಾಶಕ ಕೈಕಟ್ಟಿ ಕೂರಬೇಕು. ಜೋಶಿಯವರ ಚಂದಾದಾರರು ಒಬ್ಬೊಬ್ಬರಾಗಿ ಕೊಳ್ಳುತ್ತಿದ್ದರು, ಹತ್ತು ಜನ ಬಿಟ್ಟರೆ ಇಪ್ಪತ್ತು ಜನ ಸೇರುತ್ತಿದ್ದರು. ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದ ಪ್ರಕಾಶನಕ್ಕೆ ಆ ಅನುಕೂಲವಿಲ್ಲ. ಅರಮನೆ ಬಿದ್ದಾಗ ಮಾನ್ಯಖೇಟಕ್ಕೆ ಆದದ್ದೂ ಇದೇ.

ಈ ಅವಲಂಬನೆ ಕಳೆಯುವ ದಾರಿ ಈ ತಾಲ್ಲೂಕುಗಳಲ್ಲೇ ಇದೆ. ಆಸ್ತಿ ತೆರಿಗೆಯ ಮೇಲೆ ಶೇಕಡಾ 6ರಷ್ಟು ಗ್ರಂಥಾಲಯ ಕರ ವಸೂಲಾಗಬೇಕೆಂದು ಕಾನೂನಿದೆ, ಗ್ರಾಮ ಪಂಚಾಯಿತಿಗಳಿಗೂ ಅದು ಅನ್ವಯ. ವಾಡಿ, ಸೇಡಂ, ಮಳಖೇಡಗಳಲ್ಲಿ ದೇಶಕ್ಕೇ ಸಿಮೆಂಟ್ ಒದಗಿಸುವ ಕಾರ್ಖಾನೆಗಳಿವೆ. ಅವುಗಳ ತೆರಿಗೆಯ ಮೇಲಿನ ಕರ ಪೂರ್ತಿ ವಸೂಲಾಗಿ, ಇಲ್ಲಿನ ಗ್ರಂಥಾಲಯಗಳಿಗೇ ಬಂದು, ಪುಸ್ತಕ ಆರಿಸುವ ಹಕ್ಕೂ ಆಯಾ ಊರಿನ ಓದುಗರಿಗೆ ಸಿಕ್ಕರೆ ಪ್ರಕಾಶಕನಿಗೆ ಒಬ್ಬ ಗಿರಾಕಿಯ ಬದಲು ನೂರು ಗಿರಾಕಿಗಳು ಸಿಗುತ್ತಾರೆ. ಮುಧೋಳದ ಗ್ರಂಥಾಲಯ (ರನ್ನನ ಮುಧೋಳವಲ್ಲ, ತೆಲಂಗಾಣದ ಗಡಿಗೆ ಅಂಟಿಕೊಂಡ ನಮ್ಮ ಸೇಡಂ ತಾಲ್ಲೂಕಿನದು) ಕನ್ನಡದ ಜೊತೆಗೆ ತೆಲುಗನ್ನೂ ಉರ್ದುವನ್ನೂ ಕೇಳೀತು, ಚಿಂಚೋಳಿಯದು ತತ್ವಪದಗಳನ್ನು ಕೇಳೀತು, ಶಹಾಬಾದಿನದು ಕಾರ್ಮಿಕರಿಗೆ ಬೇಕಾದ ಕಾನೂನಿನ ಪುಸ್ತಕ ಕೇಳೀತು. ಪಂಚಾಯಿತಿಯ ಮುಂದಿನ ಆಯವ್ಯಯದಲ್ಲಿ ಗ್ರಂಥಾಲಯ ಕರ ಎಷ್ಟು ವಸೂಲಾಯಿತು, ಅದರಲ್ಲಿ ಪುಸ್ತಕಕ್ಕೆ ಎಷ್ಟು ಹೋಯಿತು ಎಂದು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವ ಹಕ್ಕು ಇಲ್ಲಿನ ಪ್ರತಿ ಓದುಗನಿಗೂ ಇದೆ.