ಸ್ಕ್ರೀನ್ ರೀಡರ್ ಕಲಿಯಲು ಹೊರಟ ಸದಸ್ಯರಿಗೆ ಒಂದು ಕೈಪಿಡಿ

ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳಿಗೆ ಮೂರು ಭಾಷೆಗಳ ಬದುಕು ಹೊಸದಲ್ಲ. ಮನೆಯೊಳಗೆ ಕನ್ನಡ, ಶಾಲೆಯಲ್ಲಿ ಮತ್ತು ಪೇಟೆಯಲ್ಲಿ ತಮಿಳು, ಕಂಪ್ಯೂಟರಿನ ಮೇಲೆ ಇಂಗ್ಲಿಷ್. ಕಣ್ಣು ಕಾಣದ ಅಥವಾ ದೃಷ್ಟಿ ಮಂದವಾದ ಸದಸ್ಯರು ಕಂಪ್ಯೂಟರ್ ಕಲಿಯಲು ಕುಳಿತಾಗ ಈ ಮೂರೂ ಒಟ್ಟಿಗೇ ಎದುರಾಗುತ್ತವೆ. ಎಲ್ಲಿಂದ ಶುರು ಮಾಡಬೇಕು, ಯಾವ ಕೀಲಿ ಒತ್ತಬೇಕು, ಕನ್ನಡ ಓದಿಸುವುದು ಹೇಗೆ, ಕೆಲವು ಕನ್ನಡ ಬರಹ ಓದಿಸಿಕೊಳ್ಳದೇ ಇರುವುದು ಏಕೆ ಎಂಬುದನ್ನು ಇಲ್ಲಿ ಒಂದೆಡೆ ಕೊಟ್ಟಿದ್ದೇವೆ. ಹೊಸೂರು, ತಾಳವಾಡಿ, ಕಾಸರಗೋಡು ಕಡೆಯ ಸದಸ್ಯರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಸ್ಕ್ರೀನ್ ರೀಡರ್ ಎಂದರೆ

ಪರದೆಯ ಮೇಲಿರುವುದನ್ನು ದನಿಯಲ್ಲಿ ಓದಿ ಹೇಳುವ ತಂತ್ರಾಂಶವೇ ಸ್ಕ್ರೀನ್ ರೀಡರ್. ಬರಹವನ್ನು ಮಾತ್ರವಲ್ಲ, ನಾವು ಎಲ್ಲಿದ್ದೇವೆ, ಎದುರಿಗಿರುವುದು ಬಟನ್ನೋ ಲಿಂಕೋ ಬರೆಯುವ ಜಾಗವೋ ಎಂಬುದನ್ನೂ ಅದು ಹೇಳುತ್ತದೆ. ಮೌಸ್ ಬೇಕಾಗಿಲ್ಲ, ಎಲ್ಲವೂ ಕೀಲಿಮಣೆಯಿಂದಲೇ ನಡೆಯುತ್ತದೆ.

ವಿಂಡೋಸ್ ಕಂಪ್ಯೂಟರಿನಲ್ಲಿ ನರೇಟರ್ ಎಂಬುದು ಮೊದಲೇ ಇರುತ್ತದೆ. ಕಂಟ್ರೋಲ್, ವಿಂಡೋಸ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಅದು ಮಾತಾಡಲು ಶುರು ಮಾಡುತ್ತದೆ. ಜಾಸ್ ಎಂಬುದು ಹಳೆಯ, ಹೆಸರಾದ ತಂತ್ರಾಂಶ. ಅದಕ್ಕೆ ಹಣ ಕೊಡಬೇಕು. ಹೊಸದಾಗಿ ಕಲಿಯುವವರಿಗೆ ನಾವು ಹೇಳುವುದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಬರೆಯಲು ತೊಡಗಿದರು. ನಂತರ ಗೆಳೆಯ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಹಣವಿಲ್ಲದವರಿಗೂ ಕಂಪ್ಯೂಟರ್ ಸಿಗಬೇಕೆಂಬ ಉದ್ದೇಶದಿಂದ ಅದನ್ನು ಉಚಿತವಾಗಿಯೇ ಇಟ್ಟರು. ಎನ್‌ವಿ ಆಕ್ಸೆಸ್ ಸಂಸ್ಥೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ಇಳಿಸಿದ ಕಡತವನ್ನು ತೆರೆದ ಕೂಡಲೇ ಅದೇ ಮಾತಾಡತೊಡಗುವುದರಿಂದ, ಸ್ಥಾಪಿಸುವ ಕೆಲಸವನ್ನೂ ಕೇಳಿಕೊಂಡೇ ಮಾಡಬಹುದು. ಪೆನ್ ಡ್ರೈವಿಗೆ ಹಾಕಿಕೊಂಡರೆ ಬೇರೆಯವರ ಕಂಪ್ಯೂಟರಿನಲ್ಲೂ ನಡೆಸಬಹುದು.

ಮೊದಲು ಕೀಲಿಮಣೆ

ಆರಂಭದ ದಿನಗಳಲ್ಲಿ ಇಂಟರ್‌ನೆಟ್ ಬೇಡ. ಬೆರಳಿಗೆ ಕೀಲಿಮಣೆ ಪರಿಚಯವಾಗಲಿ. ಇಂಗ್ಲಿಷಿನ ಎಫ್ ಮತ್ತು ಜೆ ಕೀಲಿಗಳ ಮೇಲೆ ಸಣ್ಣ ಉಬ್ಬುಗೆರೆ ಇರುತ್ತದೆ. ಎರಡು ತೋರುಬೆರಳುಗಳ ಮನೆ ಅದು. ಅಲ್ಲಿಂದ ಉಳಿದ ಕೀಲಿಗಳ ದಾರಿ ಸಿಗುತ್ತದೆ.

ಎನ್‌ವಿಡಿಎಯ ಆಜ್ಞೆಗಳಿಗೆ ಒಂದು ಮುಖ್ಯ ಕೀಲಿ ಇದೆ, ಇನ್ಸರ್ಟ್. ಲ್ಯಾಪ್‌ಟಾಪಿನಲ್ಲಿ ಕ್ಯಾಪ್ಸ್ ಲಾಕನ್ನೂ ಹಾಗೆ ಹೊಂದಿಸಿಕೊಳ್ಳಬಹುದು. ಕೆಳಗಿನ ಪಟ್ಟಿಯಲ್ಲಿ ‘ಮುಖ್ಯ’ ಎಂದಿರುವಲ್ಲೆಲ್ಲ ಈ ಕೀಲಿ ಎಂದು ತಿಳಿಯಿರಿ.

• ಕಂಟ್ರೋಲ್, ಆಲ್ಟ್, ಎನ್: ಎನ್‌ವಿಡಿಎ ಶುರು
• ಕಂಟ್ರೋಲ್ ಮಾತ್ರ: ಮಾತು ನಿಲ್ಲಿಸಲು
• ಮುಖ್ಯ ಮತ್ತು 1: ಅಭ್ಯಾಸದ ಸ್ಥಿತಿ. ಯಾವ ಕೀಲಿ ಒತ್ತಿದರೂ ಅದರ ಹೆಸರು ಮತ್ತು ಕೆಲಸ ಹೇಳುತ್ತದೆ, ಕೆಲಸ ಮಾಡುವುದಿಲ್ಲ. ಹೊರಬರಲು ಮತ್ತೆ ಅದನ್ನೇ ಒತ್ತಿ
• ಮುಖ್ಯ ಮತ್ತು ಕೆಳಬಾಣ: ಇಲ್ಲಿಂದ ಮುಂದಕ್ಕೆ ಓದು. ಲ್ಯಾಪ್‌ಟಾಪ್ ಜೋಡಣೆಯಲ್ಲಿ ಮುಖ್ಯ ಮತ್ತು ಎ
• ಮುಖ್ಯ ಮತ್ತು ಟಿ: ಈಗ ಯಾವ ಕಿಟಕಿಯಲ್ಲಿದ್ದೇವೆ
• ಮುಖ್ಯ ಮತ್ತು ಎಫ್12: ಗಂಟೆ. ಎರಡು ಬಾರಿ ಒತ್ತಿದರೆ ತಾರೀಕು
• ಮುಖ್ಯ ಮತ್ತು ಕ್ಯೂ: ಎನ್‌ವಿಡಿಎ ಮುಚ್ಚಲು

ಇವುಗಳಲ್ಲಿ ಅಭ್ಯಾಸದ ಸ್ಥಿತಿಗೆ ಹೆಚ್ಚು ಸಮಯ ಕೊಡಿ. ಏನಾದರೂ ಕೆಟ್ಟುಹೋದೀತೆಂಬ ಭಯ ಅಲ್ಲಿ ಇರುವುದಿಲ್ಲ. ಮಾತಿನ ವೇಗ ಮೊದಲು ನಿಧಾನವಾಗಿರಲಿ. ಕಿವಿ ಪಳಗಿದಂತೆ ತಾನಾಗಿಯೇ ಹೆಚ್ಚಿಸಬೇಕೆನಿಸುತ್ತದೆ.

ಜಾಲಪುಟದಲ್ಲಿ ಓಡಾಟ

ಕಣ್ಣಿದ್ದವರು ಪುಟವನ್ನು ಒಮ್ಮೆಲೇ ನೋಡಿ ಬೇಕಾದ್ದನ್ನು ಹುಡುಕುತ್ತಾರೆ. ಕೇಳಿ ಓದುವವರು ಮೇಲಿನಿಂದ ಕೆಳಗೆ ಎಲ್ಲವನ್ನೂ ಕೇಳುತ್ತ ಕೂತರೆ ದಿನವೇ ಮುಗಿಯುತ್ತದೆ. ಅದಕ್ಕೆ ಒಂದಕ್ಷರದ ಕೀಲಿಗಳಿವೆ: ಎಚ್ ಒತ್ತಿದರೆ ಮುಂದಿನ ತಲೆಬರಹ, ಕೆ ಒತ್ತಿದರೆ ಮುಂದಿನ ಲಿಂಕ್, ಬಿ ಒತ್ತಿದರೆ ಬಟನ್, ಇ ಒತ್ತಿದರೆ ಬರೆಯುವ ಜಾಗ. ಜೊತೆಗೆ ಶಿಫ್ಟ್ ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಮುಖ್ಯ ಮತ್ತು ಎಫ್7 ಒತ್ತಿದರೆ ಪುಟದ ಲಿಂಕ್, ತಲೆಬರಹಗಳ ಪಟ್ಟಿ ಬರುತ್ತದೆ.

ಹೊಸಬರು ಎಡವುವ ಒಂದು ಜಾಗವಿದೆ. ಹೆಸರು ಬರೆಯಲು ಹೋದರೆ ಅಕ್ಷರ ಬೀಳದೆ ಪುಟ ಅತ್ತಿತ್ತ ಜಿಗಿಯುತ್ತದೆ. ಎನ್‌ವಿಡಿಎ ಇನ್ನೂ ಓದುವ ಸ್ಥಿತಿಯಲ್ಲೇ ಇದೆ ಎಂದರ್ಥ. ಬರೆಯುವ ಜಾಗದ ಮೇಲೆ ಎಂಟರ್ ಒತ್ತಿ, ಅಥವಾ ಮುಖ್ಯ ಮತ್ತು ಸ್ಪೇಸ್ ಒತ್ತಿ, ನಂತರ ಬರೆಯಿರಿ.

ಬ್ಯಾಂಕಿನ ಪುಟಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಪಾಸ್‌ವರ್ಡ್ ಬರೆಯುವಾಗ ಅಕ್ಷರದ ಬದಲು ನಕ್ಷತ್ರ ಚಿಹ್ನೆಯ ಹೆಸರನ್ನು ಮಾತ್ರ ಹೇಳುತ್ತದೆ. ಮುಖ್ಯ, ಕಂಟ್ರೋಲ್, ಎಸ್ಕೇಪ್ ಒತ್ತಿದರೆ ಪರದೆಯೇ ಕಪ್ಪಾಗುತ್ತದೆ, ಹಿಂದೆ ನಿಂತವರಿಗೆ ಏನೂ ಕಾಣುವುದಿಲ್ಲ. ಕಿವಿಗೆ ಹೆಡ್‌ಫೋನ್ ಇದ್ದರೆ ಬಾಕಿ ಎಷ್ಟಿದೆ ಎಂಬುದೂ ಹೊರಗೆ ಕೇಳಿಸದು. ಸ್ವಂತ ಹಣದ ಲೆಕ್ಕವನ್ನು ಮಗನಿಂದಲೋ ಪಕ್ಕದ ಮನೆಯವರಿಂದಲೋ ಓದಿಸಿಕೊಳ್ಳಬೇಕಾದವರಿಗೆ ಇದರ ಬೆಲೆ ಗೊತ್ತು.

ಕನ್ನಡ ದನಿ, ತಮಿಳು ದನಿ

ಎನ್‌ವಿಡಿಎ ಜೊತೆಗೇ ಬರುವ ಈಸ್ಪೀಕ್ ಎಂಬ ದನಿಯಲ್ಲಿ ಕನ್ನಡವೂ ಇದೆ, ತಮಿಳೂ ಇದೆ. ಮುಖ್ಯ, ಕಂಟ್ರೋಲ್, ವಿ ಒತ್ತಿ ಮಾತಿನ ಹೊಂದಿಕೆ ತೆರೆದು ಆರಿಸಿಕೊಳ್ಳಿ. ದನಿ ಯಂತ್ರದ್ದೇ; ಮೊದಲ ದಿನ ಕರ್ಕಶವೆನಿಸುತ್ತದೆ. ಆದರೆ ಎಷ್ಟು ವೇಗಕ್ಕೇರಿಸಿದರೂ ಅಕ್ಷರ ಸ್ಪಷ್ಟವಾಗಿರುತ್ತದೆ.

ಆಂಡ್ರಾಯ್ಡ್ ಫೋನಿನಲ್ಲಿ ಇದೇ ಕೆಲಸವನ್ನು ಟಾಕ್‌ಬ್ಯಾಕ್ ಮಾಡುತ್ತದೆ. ಗೂಗಲಿನ ಕನ್ನಡ ದನಿ ಕಿವಿಗೆ ಹೆಚ್ಚು ಹಿತ. ಆದ್ದರಿಂದ ಕೆಲವರು ಫೋನಿನಲ್ಲಿ ಕನ್ನಡ ಕೇಳಿ, ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಾರೆ.

ಬರೆಯಲು ಇನ್‌ಸ್ಕ್ರಿಪ್ಟ್ ಜೋಡಣೆ ನಮ್ಮ ಕಡೆಯವರಿಗೆ ಅನುಕೂಲ. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕನ್ನಡದ ‘ಕ’ ಇರುವ ಕೀಲಿಯಲ್ಲೇ ತಮಿಳಿನ ‘ಕ’ ಕೂಡ ಇದೆ. ವಿಂಡೋಸ್ ಮತ್ತು ಸ್ಪೇಸ್ ಒತ್ತಿ ಭಾಷೆ ಬದಲಿಸಿದರೆ ಸಾಕು, ಬೆರಳಿಗೆ ಹೊಸ ಪಾಠ ಬೇಕಿಲ್ಲ. ಭಾರತಿ ಬ್ರೈಲಿನಲ್ಲೂ ಹೀಗೆಯೇ, ಎರಡೂ ಭಾಷೆಯ ‘ಕ’ಕ್ಕೆ ಒಂದೇ ಚುಕ್ಕೆಗಳು. ಬ್ರೈಲ್ ಕಲಿತು ಬಂದವರಿಗೆ ಈ ಹೊಂದಿಕೆ ಪರಿಚಿತವೇ.

ಒಂದು ಎಚ್ಚರಿಕೆ. ಕೇಳಿ ಓದುವವರಿಗೆ ಕಾಗುಣಿತ ತಪ್ಪುವುದು ಸುಲಭ. ಲ–ಳ, ಅಲ್ಪಪ್ರಾಣ–ಮಹಾಪ್ರಾಣಗಳ ವ್ಯತ್ಯಾಸ ವೇಗದ ಓದಿನಲ್ಲಿ ಕಿವಿಗೆ ಸಿಗುವುದಿಲ್ಲ. ಬಲಬಾಣ ಒತ್ತುತ್ತ ಅಕ್ಷರ ಅಕ್ಷರವಾಗಿ ಕೇಳಿ ನೋಡಿಕೊಳ್ಳಿ.

ಓದಿಸಿಕೊಳ್ಳದ ಕನ್ನಡ

ಎಲ್ಲ ಕಲಿತ ಮೇಲೂ ಕೆಲವು ಕನ್ನಡ ಕಡತಗಳನ್ನು ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸದ್ದು ಬರುತ್ತದೆ. ಕಲಿಯುವವರು ತಮ್ಮದೇ ತಪ್ಪು ಎಂದುಕೊಳ್ಳುತ್ತಾರೆ. ತಪ್ಪು ಅವರದಲ್ಲ, ಕಡತದ್ದು.

ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರ ಕೂರಿಸಲಾಗಿತ್ತು. ಆ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಣ್ಣಿಗೆ ಕಾಣುವುದು ಕನ್ನಡವೇ, ಕಂಪ್ಯೂಟರಿನೊಳಗೆ ಇರುವುದು ಇಂಗ್ಲಿಷಿನ ‘ಪಿ’ಯಿಂದ ಶುರುವಾಗುವ ಗೋಜಲು. ಸ್ಕ್ರೀನ್ ರೀಡರ್ ಒಳಗಿರುವುದನ್ನೇ ಓದುತ್ತದೆ. ಯೂನಿಕೋಡಿನಲ್ಲಿ ಬರೆದ ಕನ್ನಡಕ್ಕೆ ಈ ತೊಂದರೆ ಇಲ್ಲ. ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ.

ಎರಡನೆಯದು, ಚಿತ್ರವಾಗಿ ಹಾಕಿದ ಬರಹ. ಇದರಲ್ಲಿ ನಾವೇ ತಪ್ಪು ಮಾಡಿದ್ದೇವೆ. ರಾಜ್ಯೋತ್ಸವದ ಆಮಂತ್ರಣವನ್ನು ಬಣ್ಣದ ಪೋಸ್ಟರ್ ಮಾಡಿ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಕೇಳಿ ಓದುವ ಸದಸ್ಯರಿಗೆ ತಿಳಿಯುವುದು ‘ಚಿತ್ರ’ ಎಂಬ ಒಂದೇ ಮಾತು. ದಿನ, ಸಮಯ, ಸ್ಥಳ ಏನೂ ಗೊತ್ತಾಗುವುದಿಲ್ಲ. ಕರೆದೆವೆಂದು ನಾವು ಅಂದುಕೊಂಡೆವು. ಅವರಿಗೆ ಕರೆಯೇ ತಲುಪಿರಲಿಲ್ಲ.

ಎಲ್ಲಿ ಕೇಳಬೇಕು

ತಮಿಳುನಾಡಿನಲ್ಲಿ ಪ್ರತಿ ಜಿಲ್ಲೆಗೂ ಅಂಗವಿಕಲರ ಕಲ್ಯಾಣ ಕಚೇರಿ ಇದೆ. ಗುರುತಿನ ಚೀಟಿ, ಸಲಕರಣೆ, ತರಬೇತಿಯ ವಿಚಾರಣೆಗೆ ಮೊದಲು ಅಲ್ಲಿಗೆ ಹೋಗಿ. ದೃಷ್ಟಿ ದೋಷವುಳ್ಳವರ ರಾಷ್ಟ್ರೀಯ ಸಂಸ್ಥೆ ಡೆಹ್ರಾಡೂನಿನಲ್ಲಿದೆ, ಅದರ ಪ್ರಾದೇಶಿಕ ಕೇಂದ್ರ ಚೆನ್ನೈ ಬಳಿಯ ಪೂನಮಲ್ಲಿಯಲ್ಲಿದೆ. ಕನ್ನಡದಲ್ಲಿ ಮಾತಾಡಿ ಕಲಿಯಬೇಕೆನ್ನುವವರು ಬೆಂಗಳೂರಿನ ಎನೇಬಲ್ ಇಂಡಿಯಾ ಮತ್ತು ಮಿತ್ರ ಜ್ಯೋತಿ ಸಂಸ್ಥೆಗಳನ್ನು ವಿಚಾರಿಸಬಹುದು. ಓದಲು ಪುಸ್ತಕ ಬೇಕಾದವರಿಗೆ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವಿದೆ. ಭಾರತೀಯ ಭಾಷೆಗಳ ಪುಸ್ತಕಗಳು ಅಲ್ಲಿ ಓದಿಸಿಕೊಳ್ಳುವ ರೂಪದಲ್ಲಿ ಸಿಗುತ್ತವೆ. ಮಾಹಿತಿ ಎಲ್ಲರಿಗೂ ಓದಲು ಸಿಗುವ ರೂಪದಲ್ಲಿರಬೇಕೆಂಬುದನ್ನು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಹೇಳುತ್ತದೆ.

ಮನೆಯವರಿಗೆ ಮತ್ತು ನಮಗೆ

ಕಲಿಸುವ ಮನೆಯವರು ಮೌಸ್ ಮುಟ್ಟಬೇಡಿ. ‘ಅಲ್ಲಿ ನೀಲಿ ಬಟನ್ ಇದೆಯಲ್ಲ’ ಎನ್ನುವುದರಿಂದ ಪ್ರಯೋಜನವಿಲ್ಲ. ‘ಟ್ಯಾಬ್ ಒತ್ತಿ, ಏನು ಹೇಳಿತು ಕೇಳಿ’ ಎನ್ನಿ. ತಡವಾದರೆ ಕೈ ಹಾಕಿ ನೀವೇ ಮಾಡಿಬಿಡಬೇಡಿ.

ನಮ್ಮ ಪುಟದಲ್ಲಿ ಇನ್ನು ಮುಂದೆ ಪಾಲಿಸುವುದು ಇಷ್ಟು: ಪ್ರತಿ ಪೋಸ್ಟರಿನ ಕೆಳಗೆ ಅದೇ ವಿವರ ಯೂನಿಕೋಡ್ ಬರಹದಲ್ಲಿ ಇರುತ್ತದೆ. ಫೋಟೋಗಳಿಗೆ ಒಂದು ಸಾಲಿನ ವಿವರಣೆ ಇರುತ್ತದೆ. ಲಿಂಕುಗಳಿಗೆ ‘ಇಲ್ಲಿ ಒತ್ತಿ’ ಎನ್ನುವ ಬದಲು ಅದು ಎಲ್ಲಿಗೆ ಹೋಗುತ್ತದೆಂಬ ಹೆಸರಿರುತ್ತದೆ. ಊರೂರಿನ ಶಾಖೆಯವರೂ ಹೀಗೆಯೇ ಕಳುಹಿಸಿಕೊಡಬೇಕೆಂದು ಕೋರುತ್ತೇವೆ.

ಇದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ಎಷ್ಟೋ ಮನೆಗಳಲ್ಲಿ ತಮಿಳಿನಲ್ಲಿ ಓದಿದ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಲಿಪಿ ಬರುವುದಿಲ್ಲ. ಯೂನಿಕೋಡಿನಲ್ಲಿರುವ ಬರಹವನ್ನು ಅವರೂ ದನಿ ಹಾಕಿ ಕೇಳಬಹುದು. ಅಜ್ಜಿಗೆಂದು ಹೊಂದಿಸಿದ ಕನ್ನಡ ದನಿಯಿಂದ ಮೊಮ್ಮಗನೂ ಕನ್ನಡ ಓದಿಸಿಕೊಳ್ಳಲಿ. ಈ ಕೈಪಿಡಿಯನ್ನೇ ಮೊದಲು ಕೇಳಿ ನೋಡಿ. ಎಲ್ಲಾದರೂ ಸರಿಯಾಗಿ ಓದಿಸಿಕೊಳ್ಳದಿದ್ದರೆ ನಮಗೆ ತಿಳಿಸಿ, ತಿದ್ದುತ್ತೇವೆ.