ಪೋಸ್ಟರಿನಿಂದ ಶೇಕಡಾ ಒಂದರವರೆಗೆ: ನರವೈವಿಧ್ಯ ಚಳವಳಿಯ ಮೈತ್ರಿಗಳು

ನರವೈವಿಧ್ಯ ಚಳವಳಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಎರಡು ಕಡೆಯಿಂದ ಹೊರಡುತ್ತಾರೆ. ಒಂದು, 1993ರಲ್ಲಿ ಜಿಮ್ ಸಿಂಕ್ಲೇರ್ ಅವರು ಆಟಿಸಂ ಇರುವ ಮಕ್ಕಳ ತಂದೆತಾಯಂದಿರಿಗೆ, ನಮಗಾಗಿ ಶೋಕಿಸಬೇಡಿ ಎಂದು ಹೇಳಿದ್ದು. ಇನ್ನೊಂದು, 1998ರಲ್ಲಿ ಆಸ್ಟ್ರೇಲಿಯಾದ ಜೂಡಿ ಸಿಂಗರ್ ತಮ್ಮ ಪ್ರಬಂಧದಲ್ಲಿ ನ್ಯೂರೋಡೈವರ್ಸಿಟಿಯ, ಅಂದರೆ ಮಿದುಳುಗಳ ಸಹಜ ವೈವಿಧ್ಯದ, ಮಾತೆತ್ತಿದ್ದು. ಎರಡೂ ಮುಖ್ಯವೇ. ಆದರೆ ಗಾಲಿಕುರ್ಚಿ ಬಳಸುವವರು, ಅಂಧರು, ಕಿವುಡರು ಈ ಚಳವಳಿಯ ಪಕ್ಕದಲ್ಲಿ ಯಾವಾಗ, ಯಾತಕ್ಕಾಗಿ ಬಂದು ನಿಂತರು ಎಂದು ಕೇಳಿದರೆ 2007ರ ಡಿಸೆಂಬರಿನ ನ್ಯೂಯಾರ್ಕನ್ನು ನೋಡಬೇಕಾಗುತ್ತದೆ.

ಆ ತಿಂಗಳು ನ್ಯೂಯಾರ್ಕ್ ವಿಶ್ವವಿದ್ಯಾಲಯದ ಚೈಲ್ಡ್ ಸ್ಟಡಿ ಸೆಂಟರ್ ನಗರದ ಜಾಹೀರಾತು ಫಲಕಗಳಲ್ಲಿ ಒಂದು ಪ್ರಚಾರ ಆರಂಭಿಸಿತು. ಪ್ರತಿ ಪೋಸ್ಟರೂ ಅಪಹರಣಕಾರ ಬರೆದ ಬೆದರಿಕೆ ಪತ್ರದಂತಿತ್ತು. ನಿಮ್ಮ ಮಗ ನಮ್ಮ ವಶದಲ್ಲಿದ್ದಾನೆ, ಬದುಕಿರುವವರೆಗೂ ಅವನು ತನ್ನ ಕೆಲಸ ತಾನು ಮಾಡಿಕೊಳ್ಳಲಾರ, ಜನರೊಡನೆ ಬೆರೆಯಲಾರ ಎಂಬ ಅರ್ಥದ ಸಾಲುಗಳ ಕೆಳಗೆ ಅಪಹರಣಕಾರನ ಸಹಿಯಾಗಿ ‘ಆಟಿಸಂ’ ಎಂದಿತ್ತು. ಇನ್ನುಳಿದ ಪತ್ರಗಳ ಸಹಿಗಳು ಆಸ್ಪರ್ಜರ್, ಎಡಿಎಚ್‌ಡಿ, ಒಸಿಡಿ, ಖಿನ್ನತೆ ಮತ್ತು ಬುಲಿಮಿಯಾ. ಹಿಂದಿನ ವರ್ಷವಷ್ಟೇ ಆರಿ ನೆಮನ್ ಮತ್ತು ಸ್ಕಾಟ್ ರಾಬರ್ಟ್‌ಸನ್ ಕಟ್ಟಿದ್ದ ಆಟಿಸ್ಟಿಕ್ ಸೆಲ್ಫ್ ಅಡ್ವೊಕಸಿ ನೆಟ್‌ವರ್ಕ್ ಎಂಬ ಪುಟ್ಟ ಸಂಘಟನೆ ಇದನ್ನು ವಿರೋಧಿಸಿ ಪತ್ರ ಬರೆಯಿತು. ಇಪ್ಪತ್ತಕ್ಕೂ ಹೆಚ್ಚು ಅಂಗವಿಕಲರ ಹಕ್ಕುಗಳ ಸಂಸ್ಥೆಗಳು ಅದಕ್ಕೆ ಸಹಿ ಹಾಕಿದವು. ಡಿಸೆಂಬರ್ 19ರಂದು ಪ್ರಚಾರವನ್ನು ಹಿಂತೆಗೆದುಕೊಳ್ಳಲಾಯಿತು.

ಸಹಿ ಹಾಕಿದವರಲ್ಲಿ ಬಹಳಷ್ಟು ಮಂದಿಗೆ ಆಟಿಸಂನೊಂದಿಗೆ ನೇರ ಸಂಬಂಧವಿರಲಿಲ್ಲ. ಮತ್ತೇಕೆ ಬಂದರು? ನನ್ನ ಅಭಿಪ್ರಾಯದಲ್ಲಿ ಉತ್ತರ ಹಳೆಯ ಟೆಲಿಥಾನ್‌ಗಳಲ್ಲಿದೆ. ಸ್ನಾಯುಕ್ಷಯ ಇರುವ ಮಕ್ಕಳಿಗೆಂದು ಹಾಸ್ಯನಟ ಜೆರಿ ಲೂಯಿಸ್ ವರ್ಷಕ್ಕೊಮ್ಮೆ ಟೀವಿಯಲ್ಲಿ ಗಂಟೆಗಟ್ಟಲೆ ದೇಣಿಗೆ ಎತ್ತುತ್ತಿದ್ದರು. ಚಿಕ್ಕವರಿದ್ದಾಗ ಆ ಪ್ರಚಾರಕ್ಕೆ ಮುಖವಾಗಿದ್ದ ಕೆಲವರೇ ದೊಡ್ಡವರಾದ ಮೇಲೆ, 1991ರ ಹೊತ್ತಿಗೆ, ‘ಜೆರೀಸ್ ಆರ್ಫನ್ಸ್’ ಎಂಬ ಹೆಸರಿನಲ್ಲಿ ಅದರ ವಿರುದ್ಧವೇ ಬೀದಿಗಿಳಿದರು. ಮಗುವನ್ನು ದುರಂತವಾಗಿ ತೋರಿಸಿ ಎತ್ತಿದ ಹಣದ ಜೊತೆಗೆ, ಆ ಮಗು ದೊಡ್ಡವನಾದಾಗ ಅವನಿಗೆ ಕೆಲಸ, ಬಾಡಿಗೆಮನೆ ಕೊಡಲು ಹಿಂಜರಿಯುವ ಸಮಾಜವೂ ತಯಾರಾಗುತ್ತದೆ ಎಂಬುದು ಅವರ ಅನುಭವವಾಗಿತ್ತು. ಅಂಥ ಅನುಭವವಿದ್ದವರು 2007ರ ಪೋಸ್ಟರಿನಲ್ಲಿ ತಮ್ಮ ಬಾಲ್ಯವನ್ನೇ ಕಂಡಿರಬೇಕು. ರೋಗನಿರ್ಣಯದ ಹೋಲಿಕೆಯಿಂದ ಹುಟ್ಟಿದ ಮೈತ್ರಿ ಇದಲ್ಲ. ಲೋಕ ತಮ್ಮನ್ನು ನಡೆಸಿಕೊಂಡ ರೀತಿ ಒಂದೇ ಎಂಬ ಗುರುತಿನಿಂದ ಹುಟ್ಟಿದ್ದು.

ಪೋಸ್ಟರನ್ನು ಇಳಿಸುವುದು ಒಂದು ಲೆಕ್ಕಕ್ಕೆ ಸುಲಭದ ಕೆಲಸ. ಕಷ್ಟದ್ದು ಮ್ಯಾಸಚೂಸೆಟ್ಸ್‌ನ ಕ್ಯಾಂಟನ್ ಊರಿನಲ್ಲಿತ್ತು. ಅಲ್ಲಿನ ಜಡ್ಜ್ ರೋಟನ್‌ಬರ್ಗ್ ಸೆಂಟರ್ ಎಂಬ ವಸತಿ ಸಂಸ್ಥೆಯಲ್ಲಿ ಕೆಲವು ನಿವಾಸಿಗಳ ಕೈಕಾಲಿಗೆ ಎಲೆಕ್ಟ್ರೋಡ್ ಕಟ್ಟಿ, ಬ್ಯಾಟರಿಯನ್ನು ಚೀಲದಲ್ಲಿಟ್ಟು ಅವರಿಂದಲೇ ಹೊರಿಸುತ್ತಿದ್ದರು. ಬೇಡವೆಂದ ವರ್ತನೆ ಕಂಡೊಡನೆ ಸಿಬ್ಬಂದಿ ರಿಮೋಟ್ ಒತ್ತಿ ಶಾಕ್ ಕೊಡುತ್ತಿದ್ದರು. ಆ ನಿವಾಸಿಗಳಲ್ಲಿ ಆಟಿಸಂ ಇರುವವರಿದ್ದರು, ಬೌದ್ಧಿಕ ಅಂಗವೈಕಲ್ಯ ಇರುವವರಿದ್ದರು, ಮಾನಸಿಕ ಕಾಯಿಲೆಯವರೂ ಇದ್ದರು. 2013ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ಕುರಿತ ವಿಶೇಷ ವರದಿಗಾರ ಹುವಾನ್ ಮೆಂಡೆಸ್ ಇದನ್ನು ಹಕ್ಕುಗಳ ಉಲ್ಲಂಘನೆ ಎಂದರು. ಈ ಶಾಕ್ ಸಾಧನವನ್ನು ನಿಷೇಧಿಸಿರೆಂದು 2018ರ ಮಾರ್ಚ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮುಖ್ಯಸ್ಥರ ಮನೆಯೆದುರು ಹೋಗಿ ಕೂತದ್ದು ಅಡಾಪ್ಟ್ ಸಂಘಟನೆ. ಬಸ್ಸಿಗೆ ಲಿಫ್ಟ್ ಬೇಕೆಂದು ಡೆನ್ವರ್‌ನಲ್ಲಿ ಗಾಲಿಕುರ್ಚಿಯವರು ಕಟ್ಟಿ ಬೆಳೆಸಿದ ಸಂಘಟನೆಯದು. 2020ರಲ್ಲಿ ಆ ಸಾಧನಕ್ಕೆ ನಿಷೇಧ ಬಂತು. 2021ರಲ್ಲಿ ನ್ಯಾಯಾಲಯ ಅದನ್ನು ರದ್ದುಮಾಡಿತು. 2022ರ ಕೊನೆಗೆ ಅಮೆರಿಕದ ಸಂಸತ್ತು ಅಂಥ ನಿಷೇಧಕ್ಕೆ ಅವಕಾಶವಾಗುವಂತೆ ಕಾನೂನನ್ನೇ ತಿದ್ದಿತು. 2024ರಲ್ಲಿ ನಿಷೇಧದ ಪ್ರಸ್ತಾವ ಮತ್ತೆ ಹೊರಬಿತ್ತು.

ಈ ಹೋರಾಟ ಚಳವಳಿಯೊಳಗಿನ ಒಂದು ಹಳೆಯ ನೋವನ್ನೂ ಮುಟ್ಟುತ್ತದೆ. ಕಾಲಿಗೆ ಊನವಿರುವವರು, ಕಾಲು ಹೋದರೇನು ತಲೆ ನೆಟ್ಟಗಿದೆ ಎನ್ನುವುದುಂಟು. ಆಟಿಸಂ ಇರುವ ಕೆಲವರು, ನಮಗೆ ಬುದ್ಧಿಮಾಂದ್ಯತೆಯೇನೂ ಇಲ್ಲ ಎನ್ನುತ್ತಾರೆ. ಎರಡೂ ಮಾತು ಒಬ್ಬನೇ ವ್ಯಕ್ತಿಯ ತಲೆಯ ಮೇಲೆ ಕಾಲಿಟ್ಟು ಮೇಲೇರುತ್ತವೆ. 2013ರಲ್ಲಿ ಆಸ್ಪರ್ಜರ್ ಎಂಬ ಪ್ರತ್ಯೇಕ ಹೆಸರನ್ನು ಅಮೆರಿಕದ ಮನೋವೈದ್ಯರ ಕೈಪಿಡಿಯಿಂದ ತೆಗೆದು ಆಟಿಸಂನಲ್ಲಿ ಸೇರಿಸಿದಾಗ ಎದ್ದ ಆಕ್ಷೇಪಗಳ ಒಂದು ಪಾಲಿನ ಹಿಂದೆ ಇದೇ ಅಂಜಿಕೆ ಇತ್ತೆಂದು ನನಗನ್ನಿಸುತ್ತದೆ. ಆದರೆ ಆಟಿಸಂ ಇರುವವರಿಗಿಂತ ಮೊದಲೇ ತಮ್ಮ ಪರ ತಾವೇ ಮಾತಾಡುವ ಸಂಘಟನೆಯನ್ನು ಕಟ್ಟಿದ್ದವರು ಆ ಕೆಳಗಿದ್ದವರೇ. ಬೌದ್ಧಿಕ ಅಂಗವೈಕಲ್ಯ ಇರುವವರ ‘ಪೀಪಲ್ ಫಸ್ಟ್’ 1974ರಲ್ಲೇ ಆರೆಗಾನ್‌ನಲ್ಲಿ ಹುಟ್ಟಿತ್ತು. ಜಿಮ್ ಸಿಂಕ್ಲೇರ್ ಮಾತಿಗಿಂತ ಅದು ಹತ್ತೊಂಬತ್ತು ವರ್ಷ ಹಿಂದಿನದು.

ಒಂದೇ ಸಭಾಂಗಣದಲ್ಲಿ ಕೂತಾಗ ಬರುವ ತೊಡಕುಗಳು ಬೇರೆಯೇ. ಚಪ್ಪಾಳೆಯ ಸದ್ದು ಆಟಿಸಂ ಇರುವ ಅನೇಕರಿಗೆ ತಡೆಯಲಾಗದು. ಅದಕ್ಕೆ ಅವರು ಕಿವುಡರ ಪದ್ಧತಿಯನ್ನು ಎರವಲು ತಂದು, ಎರಡೂ ಕೈಯೆತ್ತಿ ಬೆರಳು ಅಲ್ಲಾಡಿಸುತ್ತಾರೆ. 2018ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಸಂಘವೂ ತನ್ನ ಸಭೆಗಳಲ್ಲಿ ಇದನ್ನೇ ಜಾರಿಗೆ ತಂದಿತು. ಹೀಗಾದಾಗ ಅಂಧ ಸದಸ್ಯನಿಗೆ ಸಭೆ ಮೆಚ್ಚಿತೋ ಇಲ್ಲವೋ ತಿಳಿಯುವುದೇ ಇಲ್ಲ. ದೀಪದ ಕತೆಯೂ ಇಷ್ಟೆ: ಟ್ಯೂಬ್‌ಲೈಟಿನ ಬೆಳಕು ಕೆಲವರಿಗೆ ಹಿಂಸೆ, ಆದರೆ ಮಂದದೃಷ್ಟಿಯವರಿಗೂ ಸಂಜ್ಞೆ ಓದುವ ಕಿವುಡರಿಗೂ ಬೆಳಕು ಬೇಕೇ ಬೇಕು. ಎಲ್ಲರಿಗೂ ಒಪ್ಪುವ ಒಂದೇ ಕೋಣೆ ಇರಬಹುದೆಂದು ನಾನು ನಂಬುವುದಿಲ್ಲ. ಮೆಚ್ಚುಗೆಯನ್ನು ಒಬ್ಬರು ಬಾಯಲ್ಲಿ ಹೇಳುವುದು, ಕಿಟಕಿಯ ಬದಿಗೆ ಒಂದು ಸಾಲು ಹಾಕುವುದು, ಪಕ್ಕದ ಕೋಣೆಯನ್ನು ಸದ್ದಿಲ್ಲದೆ ಇಡುವುದು, ಇಂಥವನ್ನು ಪ್ರತಿ ಸಭೆಗೂ ಮೊದಲೇ ಕೇಳಿ ಗೊತ್ತುಮಾಡಬೇಕು.

ಭಾರತದಲ್ಲಿ ಈ ಮೈತ್ರಿಗೆ ಒಂದು ಒಳ್ಳೆಯ ಆಧಾರ ದೊರೆತದ್ದು 2021ರ ಫೆಬ್ರವರಿಯಲ್ಲಿ. ಬರೆಯುವಾಗ ಕೈ ಬಿಗಿದುಕೊಳ್ಳುವ ನರದ ತೊಂದರೆಯಿದ್ದ ಅಭ್ಯರ್ಥಿಗೆ ಕೇಂದ್ರ ಲೋಕಸೇವಾ ಆಯೋಗ ಲಿಪಿಕಾರನನ್ನು ನಿರಾಕರಿಸಿತ್ತು. ಆ ಅಭ್ಯರ್ಥಿ ವಿಕಾಸ್ ಕುಮಾರ್ ಅವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲಿಪಿಕಾರನ ನೆರವನ್ನು ಶೇಕಡಾ 40ರಷ್ಟಾದರೂ ಅಂಗವೈಕಲ್ಯ ಇರುವವರಿಗೆ ಮಾತ್ರ ಸೀಮಿತಗೊಳಿಸಲಾಗದು ಎಂದಿತು. ಅಂಧ ವಿದ್ಯಾರ್ಥಿಗಳ ಬಳಕೆಯಿಂದ ಪರೀಕ್ಷಾ ಕೊಠಡಿಗೆ ಪರಿಚಿತವಾಗಿದ್ದ ಸೌಲಭ್ಯ ಹೀಗೆ ಬರವಣಿಗೆಯ ತೊಡಕಿರುವ ಇತರರಿಗೂ ತೆರೆಯಿತು.

ಉದ್ಯೋಗ ಮೀಸಲಾತಿಯ ಲೆಕ್ಕ ಮಾತ್ರ ಇದಕ್ಕೆ ತಿರುಗಿ ನಿಲ್ಲುತ್ತದೆ. 1995ರ ಅಂಗವಿಕಲರ ಕಾಯ್ದೆಯ ಶೇಕಡಾ 3ರ ಮೀಸಲಿನಲ್ಲಿ ಅಂಧರು, ಕಿವುಡರು, ಚಲನ ಅಂಗವಿಕಲರು ಮಾತ್ರ ಇದ್ದರು. 2016ರ ಕಾಯ್ದೆಯ 34ನೆಯ ಕಲಂ ಅದನ್ನು ಶೇಕಡಾ 4ಕ್ಕೆ ಏರಿಸಿ, ಹೊಸದಾಗಿ ಬಂದ ಒಂದನ್ನು ಆಟಿಸಂ, ಬೌದ್ಧಿಕ ಅಂಗವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಕಾಯಿಲೆ ಮತ್ತು ಬಹುವಿಧ ಅಂಗವೈಕಲ್ಯ ಇಷ್ಟಕ್ಕೂ ಕೂಡಿಸಿ ಕೊಟ್ಟಿತು. ಆ ಒಂದಕ್ಕೆ ಒಂದೇ ಲಿಖಿತ ಪರೀಕ್ಷೆ ನಡೆದರೆ ಡಿಸ್ಲೆಕ್ಸಿಯಾ ಇರುವ ಪದವೀಧರನ ಎದುರು ಬೌದ್ಧಿಕ ಅಂಗವೈಕಲ್ಯ ಇರುವವನು ನಿಲ್ಲುವುದು ಹೇಗೆ? ಅವನಿಗೆ ಬೇರೆ ಪಾಲು, ಬೇರೆ ಬಗೆಯ ಆಯ್ಕೆ ಬೇಕೆಂಬ ಬೇಡಿಕೆಯನ್ನು ಈ ಗುಂಪಿನಲ್ಲಿ ಪರೀಕ್ಷೆ ಗೆಲ್ಲಬಲ್ಲವರ ಸಂಘಟನೆಗಳೇ ಮೊದಲು ಮುಂದಿಡಬೇಕು, ತಮ್ಮ ಪಾಲು ಅದರಿಂದ ಕಡಿಮೆಯಾಗುವುದಿದ್ದರೂ.